ಹಿಂದಕ್ಕೆ ಸರಿದ ಡೀಸೆಲ್ ಟ್ಯಾಂಕ್

ಪಿಕಪ್ ಗಾಡಿಯ ಹಿಂಬದಿಯನ್ನು ಮೂಟೆಗಳಿಗಾಗಿ ಮಾಡಿರುತ್ತಾರೆ, ಮನುಷ್ಯರ ಬೆನ್ನಿಗಾಗಿ ಅಲ್ಲ. ಕಾಫಿ ಮೂಟೆ ಹೇರಿದಾಗ ಗಂಭೀರವಾಗಿ ಹೋಗುವ ನಮ್ಮ ಗಾಡಿ ಖಾಲಿಯಾದ ಕೂಡಲೇ ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತಿತ್ತು. ಅದರಲ್ಲಿ ಹಾಸಿಗೆ ಹಾಸಿ ನನ್ನ ಗಂಡನನ್ನು ಮಲಗಿಸಿ, ಯಸಳೂರಿನ ಆಚೆಯ ನಮ್ಮ ತೋಟದಿಂದ ಸಕಲೇಶಪುರಕ್ಕೆ ವಾರವಾರ ಕರೆದುಕೊಂಡು ಹೋಗಬೇಕಾದ ಕಾಲ ಬಂತು. ಅವರು ಕೂಗುವ ಜನ ಅಲ್ಲ. ಗುಂಡಿ ಸಿಕ್ಕಿದಾಗಲೆಲ್ಲ ಹಲ್ಲು ಕಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ಕ್ಯಾಬಿನ್ನಿನ ಹಿಂದಿನ ಗಾಜನ್ನು ಅವರ ಮಾತು ಕೇಳಲಿ ಅಂತ ಸರಿಸಿಟ್ಟಿದ್ದೆ. ಮಾತು ಬರುತ್ತಿರಲಿಲ್ಲ, ಆ ಉಸಿರು ಮಾತ್ರ ಬರುತ್ತಿತ್ತು.

ಕಾಳುಮೆಣಸು ಕೊಯ್ಯಲು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಹತ್ತಿದ್ದಾಗ ಏಣಿ ಜಾರಿ ಬಿದ್ದಿದ್ದರು. ಹಾಸನದಲ್ಲಿ ಬೆನ್ನಿಗೆ ರಾಡು ಹಾಕಿ ಕಳಿಸಿದರು. ಕಾಲುಗಳಿಗೆ ಜೀವ ಬರುವುದು ಬಿಡುವುದು ವ್ಯಾಯಾಮದ ಮೇಲೆ ನಿಂತಿದೆ, ವಾರ ತಪ್ಪಿಸಬೇಡಿ ಎಂದು ಡಾಕ್ಟರು ನನಗೆ ಬೇರೆಯಾಗಿ ಕರೆದು ಹೇಳಿದ್ದರು. ಕಾರು ನಮ್ಮ ಮನೆಯ ಏರು ಹತ್ತುವುದಿಲ್ಲ. ಆಂಬ್ಯುಲೆನ್ಸಿನವನು ಒಮ್ಮೆ ಕೆಳಗಿನ ಮೋರಿಯವರೆಗೆ ಬಂದು, ತಲೆಯೆತ್ತಿ ರಸ್ತೆ ನೋಡಿ, ಅಲ್ಲಿಂದಲೇ ಫೋನು ಮಾಡಿ ಕ್ಷಮೆ ಕೇಳಿ ಹೋದ. ಉಳಿದದ್ದು ನಮ್ಮ ಫೋರ್‌ವೀಲ್ ಪಿಕಪ್ಪು, ಅದರ ಸ್ಟೇರಿಂಗ್ ಹಿಡಿಯಲು ನಾನು. ಮದುವೆಯಾದ ಹೊಸತರಲ್ಲಿ ಅವರೇ ಕಲಿಸಿದ್ದರು, ಬೈದು ಬೈದು.

ಗಾಡಿ ಮೆತ್ತಗಾಗಲಿ ಅಂತ ಮರಳಿನ ಚೀಲ ಹಾಕಿ ನೋಡಿದೆ. ನೆಗೆತವೇನೋ ಕಡಿಮೆಯಾಯಿತು. ಆದರೆ ನಮ್ಮ ಏರಿನಲ್ಲಿ ಚೀಲವೊಂದು ಜಾರಿ ಅವರ ಪಾದದ ಮೇಲೆ ಕೂತುಬಿಟ್ಟಿತ್ತು. ಮನೆ ಮುಂದೆ ಗಾಡಿ ನಿಲ್ಲಿಸಿ ನೋಡುವವರೆಗೆ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಗೊತ್ತಾಗದೆ ಇದ್ದದ್ದು ಇಬ್ಬರಿಗೂ ಗೊತ್ತಾಯಿತು. ಆ ರಾತ್ರಿ ಊಟದ ತಟ್ಟೆ ಸರಿಸಿ, ಇನ್ನು ನಾನು ಬರುವುದಿಲ್ಲ, ಸಾಕು ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬರದೆ ಏನು ಮಾಡುತ್ತೀರಿ, ಜೀವಮಾನವೆಲ್ಲ ಸೂರು ನೋಡುತ್ತ ಮಲಗುತ್ತೀರಾ ಎಂದು ಕೇಳಿದೆ. ಹೌದು ಅಂದರು. ಆ ಹೌದು ಬಹಳ ನಿರಾಳವಾಗಿತ್ತು. ಮಾರನೆಯ ಬೆಳಿಗ್ಗೆ ಗಾಡಿ ತೆಗೆದುಕೊಂಡು ಆನೇಮಹಲ್ ಹತ್ತಿರದ ಗ್ಯಾರೇಜಿಗೆ ಒಬ್ಬಳೇ ಹೋದೆ.

ಗ್ಯಾರೇಜಿನ ಮೇಸ್ತ್ರಿ ನಮ್ಮ ಗಾಡಿಯನ್ನು ಹೊಸತಿನಿಂದ ಬಲ್ಲವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಗಾಡಿಯ ಕೆಳಗೆ ತೂರಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಹಿಂದಿನ ಚಕ್ರದ ಮೇಲೆ ಭಾರ ಹೊರುವ ಉಕ್ಕಿನ ಪ್ಲೇಟುಗಳು ಗಿಡ್ಡ, ದಪ್ಪ, ಸಂಖ್ಯೆಯಲ್ಲೂ ಜಾಸ್ತಿ. ಅವನ್ನು ತೆಗೆದು ಉದ್ದನೆಯ ತೆಳು ಪ್ಲೇಟು ಹಾಕಿದರೆ ಗಾಡಿ ಮೆತ್ತಗೆ ತೂಗುತ್ತದೆ, ಮೂಟೆ ಹೊರುವ ಶಕ್ತಿ ಹೋಗುತ್ತದೆ. ಮೂಟೆ ಬೇರೆಯವರ ಗಾಡಿಯಲ್ಲಿ ಹೋಗಲಿ, ಹಾಕಿ ಎಂದೆ. ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತ ನಿಂತರು.

"ಹಾಕ್ಬೋದು ಅಕ್ಕ. ಆದ್ರೆ ಉದ್ದದ ಪ್ಲೇಟಿಗೆ ಮುಂದ್ಲ ಕೊಂಡಿ ಮುಂದಕ್ಕೋಗ್ಬೇಕು. ಅಲ್ಲಿ ಡೀಸೆಲ್ ಟ್ಯಾಂಕ್ ಕೂತೈತೆ. ಟ್ಯಾಂಕೇ ಕೀಳ್ಬೇಕಾಯ್ತದೆ."

ಕಿತ್ತು ಎಲ್ಲಿಡುತ್ತೀರಿ ಎಂದೆ. ಗಾಡಿಯ ಬಾಲದ ಕೆಳಗೆ, ಸ್ಟೆಪ್ನಿ ತೂಗುವ ಜಾಗದಲ್ಲಿ ಇಡಬಹುದು, ಸ್ಟೆಪ್ನಿಯನ್ನು ಮೇಲೆ ಹಿಂಬಾಗಿಲಿಗೆ ಒರಗಿಸಿ ಕಟ್ಟಬೇಕು ಎಂದರು. ಇದೆಲ್ಲ ಕಂಪನಿ ಮಾಡಿಕೊಟ್ಟ ಹಾಗಲ್ಲ, ಯಾರಾದರೂ ತಪಾಸಣೆಯವರು ಹಿಡಿದರೆ ನನ್ನ ಹೆಸರು ಹೇಳಬೇಡಿ ಎಂದೂ ಸೇರಿಸಿದರು. ನನಗೆ ಅವರ ಹೆದರಿಕೆ ಅರ್ಥವಾಯಿತು, ಆದರೆ ಆ ಹೊತ್ತಿನಲ್ಲಿ ಕಾನೂನು ನನ್ನ ತಲೆಯೊಳಗೆ ಇಳಿಯುವ ಹಾಗಿರಲಿಲ್ಲ.

ಕೆಲಸ ನಡೆಯುವಾಗ ನಾನು ಅಲ್ಲೇ ಮುರುಕು ಬೆಂಚಿನ ಮೇಲೆ ಕೂತಿರುತ್ತಿದ್ದೆ. ಟ್ಯಾಂಕು ಇಳಿಸಿ, ಖಾಲಿ ಮಾಡಿ, ನೀರು ತುಂಬಿಸಿ ತೊಳೆದು, ಬಿಸಿಲಿಗೆ ಬಾಯಿ ತೆರೆದಿಟ್ಟು, ಆಮೇಲೆ ದೂರದಲ್ಲೇ ಕೊಂಡಿಗಳನ್ನು ವೆಲ್ಡ್ ಮಾಡಿದರು. ಡೀಸೆಲ್ ಹಾಕುವ ಬಾಯಿ ಮೊದಲಿನಂತೆ ಎಡಗಡೆಗೇ ಬಂದರೆ ಅಲ್ಲಿ ಸೈಲೆನ್ಸರ್ ಅಡ್ಡವಾಗುತ್ತಿತ್ತು, ಬಾಯಿ ಬಲಕ್ಕೆ ಬರಲೆಂದು ಹೊಸ ಜಾಗದಲ್ಲಿ ಟ್ಯಾಂಕನ್ನು ಹಿಂದುಮುಂದು ತಿರುಗಿಸಿ ಕೂರಿಸಬೇಕಾಯಿತು. ಅದರಿಂದ ಎಂಜಿನ್ನಿಗೆ ಡೀಸೆಲ್ ಎಳೆಯುವ ಪೈಪು, ಡೀಸೆಲ್ ಎಷ್ಟಿದೆ ಎಂದು ಮುಳ್ಳಿಗೆ ಹೇಳುವ ತೇಲುಗುಂಡು, ಎರಡೂ ಟ್ಯಾಂಕಿನ ಹಿಂಭಾಗದಲ್ಲಿದ್ದವು ಮುಂಭಾಗಕ್ಕೆ ಬಂದವು. ಇದನ್ನು ಮೇಸ್ತ್ರಿಯೂ ನೋಡಿದರು, ನಾನೂ ನೋಡಿದೆ. ಹೆದ್ದಾರಿಯಲ್ಲಿ ಓಡಿಸಿ ನೋಡಿದೆವು. ಹೆದ್ದಾರಿ ಸಪಾಟಾಗಿತ್ತು, ಗಾಡಿ ಬೆಣ್ಣೆಯ ಹಾಗೆ ಹೋಯಿತು. ಇಬ್ಬರೂ ಖುಷಿಪಟ್ಟೆವು.

ಬರುವುದಿಲ್ಲ ಎಂದವರನ್ನು ಹೊರಡಿಸುವುದೇ ಒಂದು ಯುದ್ಧ. ಒಂದೇ ಒಂದು ಸಲ ಬನ್ನಿ, ಆಗಲೂ ಬೇಡ ಅನ್ನಿಸಿದರೆ ಮತ್ತೆ ನಾನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಒಂದು ಸಲದ ಮೇಲೆ ಅವರ ಕಾಲು ನಿಂತಿತ್ತು.

ಹೊರಡುವ ಬೆಳಿಗ್ಗೆ ಕೀ ತಿರುಗಿಸಿದಾಗ ಡೀಸೆಲ್ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ನಮ್ಮ ಕಡೆ ಯಾರೂ ಗಾಡಿಯನ್ನು ಮೂತಿ ಮೇಲೆ ಮಾಡಿ ನಿಲ್ಲಿಸುವುದಿಲ್ಲ. ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸುತ್ತೇವೆ, ಚಳಿಗೆ ಬ್ಯಾಟರಿ ಕೈಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಬಹುದಲ್ಲ ಅಂತ. ಹಾಗೆಯೇ ಮುಳ್ಳನ್ನು ಬೆಳಿಗ್ಗೆ ಹೊರಡುವಾಗ ನೋಡಿದರೆ ಮುಗಿಯಿತು, ದಾರಿಯಲ್ಲಿ ನೋಡುವವರಿಲ್ಲ. ಈ ಏರಿಳಿತದಲ್ಲಿ ಅದು ಹುಚ್ಚು ಕುಣಿತ ಕುಣಿಯುತ್ತಿರುತ್ತದೆ, ಅದನ್ನು ನಂಬಿದವರು ದಿನಕ್ಕೊಂದು ಸಲ ಬಂಕಿಗೆ ಹೋಗಬೇಕಾದೀತು. ಅರ್ಧ ಟ್ಯಾಂಕು ಹೋಗಿಬರಲು ಧಾರಾಳ. ನಾನು ನಿಶ್ಚಿಂತೆಯಾಗಿ ಹೊರಟೆ.

ಹೋಗುವಾಗ ಅವರು ನಿದ್ದೆ ಹೋದರು. ಗುಂಡಿಗಳೆಲ್ಲ ಇದ್ದಲ್ಲೇ ಇದ್ದವು, ಗಾಡಿ ಮಾತ್ರ ಅವುಗಳ ಮೇಲೆ ತೂಗಿ ತೂಗಿ ದಾಟಿತು. ಗಾಜಿನ ಸಂದಿಯಿಂದ ಗೊರಕೆ ಕೇಳಿಸಿದಾಗ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಹೆಬ್ಬೆರಳು ಅಲ್ಲಾಡಿಸಿ ಎಂದಾಗ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು, ಅಥವಾ ಅಲ್ಲಾಡಿದ ಹಾಗೆ ನನಗೆ ಕಂಡಿತು. ಮುಂದಿನ ವಾರ ಬರುತ್ತೀರಾ ಎಂದು ಅವರನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ವಾಪಸು ಬರುವಾಗ ಯಸಳೂರಿನಲ್ಲಿ ಮೊಬೈಲಿಗೆ ಆನೆಯ ಮೆಸೇಜು ಬಂತು. ಕಾಡಾನೆ ಎಲ್ಲಿದೆ ಎಂದು ನಮಗೆಲ್ಲ ದಿನವೂ ಸುದ್ದಿ ಬರುತ್ತದೆ. ಒಂಟಿ ಸಲಗ, ನಮ್ಮ ಕಡೆಯ ಗದ್ದೆ ಬಯಲು. ಅಂಗಡಿಯಲ್ಲಿ ವಿಚಾರಿಸಿದೆ. ಮಧ್ಯಾಹ್ನ ಗುಡ್ಡದ ಆ ಮಗ್ಗುಲಲ್ಲಿ ಕಂಡಿತಂತೆ, ಇಷ್ಟು ಹೊತ್ತಿಗೆ ದಾಟಿರುತ್ತದೆ ಎಂದರು. ಸುದ್ದಿ ಬಂತೆಂದು ಮನೆಗೆ ಹೋಗದೆ ಇದ್ದರೆ ನಾವು ವರ್ಷದ ಅರ್ಧದಷ್ಟು ದಿನ ರಸ್ತೆಯಲ್ಲೇ ಮಲಗಬೇಕು. ಕತ್ತಲಾಗುವ ಮುಂಚೆ ಏರು ಹತ್ತಿಬಿಡೋಣವೆಂದು ಹೊರಟೆ.

ಮೋರಿ ದಾಟಿದ ಮೇಲೆ ನಮ್ಮ ಏರು ಶುರು. ಒಂದು ಪಕ್ಕ ಗುಡ್ಡ ಕಡಿದ ಮಣ್ಣಿನ ದರೆ, ಇನ್ನೊಂದು ಪಕ್ಕ ಕಾಫಿ ತೋಟ ಕಡಿದಾಗಿ ಕೆಳಗಿಳಿಯುತ್ತದೆ. ಫೋರ್‌ವೀಲ್ ಹಾಕಿ, ಮೊದಲ ಗೇರಿನಲ್ಲಿ ಹತ್ತಿಸುತ್ತಿದ್ದೆ. ಪಕ್ಕದ ಎಸ್ಟೇಟಿನ ಗೇಟು ದಾಟಿ ಸ್ವಲ್ಪ ಮೇಲಕ್ಕೆ ಬಂದಿರಬೇಕು, ಎಂಜಿನ್ ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿ ನಿಂತೇಹೋಯಿತು. ಬ್ರೇಕು ಒತ್ತಿ ಹಿಡಿದು ಕೀ ತಿರುಗಿಸಿದೆ. ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಹ್ಯಾಂಡ್‌ಬ್ರೇಕು ಎಳೆದು, ಗೇರಿನಲ್ಲೇ ಬಿಟ್ಟು, ಮತ್ತೆ ಮತ್ತೆ ತಿರುಗಿಸಿದೆ. ಬ್ಯಾಟರಿಯ ದನಿ ಕುಗ್ಗತೊಡಗಿದಾಗ ಗಾಜಿನ ಸಂದಿಯಿಂದ ಅವರು, ಸಾಕು ನಿಲ್ಲಿಸು, ಇದ್ದ ಜೀವವನ್ನೂ ತೆಗೆಯಬೇಡ ಎಂದರು.

ಮುಳ್ಳು ಎಲ್ಲಿದೆ ಎಂದು ಕೇಳಿದರು. ಪೂರ್ತಿ ಕೆಳಗೆ ಬಿದ್ದಿತ್ತು. ಬೆಳಿಗ್ಗೆ ಎಲ್ಲಿತ್ತು ಎಂದರು. ಅರ್ಧದ ಮೇಲೆ ಎಂದೆ. ಟ್ಯಾಂಕನ್ನು ಹೇಗೆ ಕೂರಿಸಿದ್ದಾರೆ, ಪೈಪು ಯಾವ ಕಡೆಗಿದೆ ಎಂದು ಒಂದೊಂದಾಗಿ ಕೇಳಿದರು. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಬೆಳಿಗ್ಗೆ ಗಾಡಿ ಇಳಿಜಾರಿಗೆ ಮುಖ ಮಾಡಿ ನಿಂತಿತ್ತು. ಇದ್ದಬದ್ದ ಡೀಸೆಲೆಲ್ಲ ಟ್ಯಾಂಕಿನ ಮುಂಭಾಗಕ್ಕೆ ಬಂದು, ತಿರುಗಿಸಿ ಕೂರಿಸಿದ ತೇಲುಗುಂಡನ್ನು ಮೇಲೆತ್ತಿ, ಅರ್ಧವಿದೆ ಎಂದು ನನಗೆ ಸುಳ್ಳು ಹೇಳಿತ್ತು. ಇದ್ದದ್ದು ತಳದಲ್ಲಿ ಒಂದಿಷ್ಟು. ಈಗ ಏರಿನಲ್ಲಿ ಅದೆಲ್ಲ ಹಿಂದಕ್ಕೆ ಹರಿದು, ಪೈಪು ಬರೀ ಗಾಳಿ ಎಳೆದಿತ್ತು. ನನಗೆ ಮೇಸ್ತ್ರಿಯ ಮೇಲೆ, ನನ್ನ ಮೇಲೆ, ಆ ಮುಳ್ಳಿನ ಮೇಲೆ ಎಲ್ಲದರ ಮೇಲೂ ರೇಗಿಹೋಯಿತು. ಮೊಬೈಲ್ ತೆಗೆದರೆ ನೆಟ್‌ವರ್ಕ್ ಇಲ್ಲ. ನಮ್ಮ ಏರಿನಲ್ಲಿ ಎಂದೂ ಇರುವುದಿಲ್ಲ.

ಆಗ ಕೆಳಗೆ ಬಿದಿರು ಮುರಿದ ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ. ಮೋರಿಯ ಹತ್ತಿರ ಮಬ್ಬಿನಲ್ಲಿ ಕಪ್ಪಗೆ ಏನೋ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಕಿವಿ ಅಲ್ಲಾಡಿತು. ದಂತ ಬೆಳ್ಳಗೆ ಕಂಡಿತು. ಗದ್ದೆಯಿಂದ ಮೇಲೆ ಹತ್ತಲು ಆನೆಗಳಿಗೂ ಇದೇ ರಸ್ತೆ, ಅವೂ ಸುಲಭದ ದಾರಿಯನ್ನೇ ಹಿಡಿಯುತ್ತವೆ. ಅವರಿಗೆ ಆನೆಯ ವಾಸನೆ ಬಂದಿತ್ತೋ, ನನ್ನ ಸುಮ್ಮನಿರುವಿಕೆಯೇ ಸಾಕಾಯಿತೋ, ತಿಳಿದುಕೊಂಡರು.

"ಎಲ್ಲೈತೆ?"

"ಮೋರಿ ತಾವ."

ಅವರ ದನಿ ಬಹಳ ತಣ್ಣಗಿತ್ತು. "ಟಾರ್ಪಾಲ್ ನನ್ ಮೇಲೆ ಎಳ್ದು, ನೀನು ದರೆ ಹತ್ಕಂಡು ಮೇಲಕ್ಕೆ ಹೋಗ್ಬುಡು. ನಾನು ಸದ್ದು ಮಾಡ್ದಂಗೆ ಮಲ್ಗಿರ್ತೀನಿ. ಅದ್ರ ಪಾಡಿಗೆ ಅದು ಹೋಯ್ತದೆ."

ನನ್ನ ಮೈಯೆಲ್ಲ ಉರಿಯಿತು. ಆನೆಗಲ್ಲ, ಈ ಮಾತಿಗೆ. ಊಟದ ತಟ್ಟೆ ಸರಿಸಿ ಹೌದು ಅಂದಿದ್ದ ದನಿಯೇ ಇದು. ಬಾಯಿ ತೆರೆದರೆ ಕಿರುಚಿಬಿಡುತ್ತೇನೆ, ಕಿರುಚಿದರೆ ಆನೆಗೆ ಕೇಳುತ್ತದೆ. ಉತ್ತರ ಕೊಡದೆ, ಸದ್ದಾಗದಂತೆ ಬಾಗಿಲು ತೆರೆದು ಇಳಿದೆ. ಹ್ಯಾಂಡ್‌ಬ್ರೇಕಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ದರೆಯ ಬುಡದಲ್ಲಿ ಕೈಗೆ ಸಿಗುವ ಕಲ್ಲೆಲ್ಲ ಚಿಕ್ಕವು. ದರೆಯ ನೆರಳಿನಲ್ಲಿ ತಡಕುತ್ತ ಸ್ವಲ್ಪ ಮೇಲಕ್ಕೇ ಹೋಗಬೇಕಾಯಿತು. ಒಂದು ದೊಡ್ಡ ಕಲ್ಲನ್ನು ಎರಡೂ ಕೈಯಲ್ಲಿ ಹೊತ್ತು ತಂದು ಹಿಂದಿನ ಚಕ್ರಕ್ಕೆ ಕೊಟ್ಟೆ. ಅದು ಚಕ್ರಕ್ಕೆ ತಾಗಿ ಟಕ್ಕೆಂದಿತು. ಕೆಳಗೆ ಆನೆ ಸೊಂಡಿಲೆತ್ತಿ ಗಾಳಿ ನೋಡುತ್ತಿತ್ತು.

ನಾನು ಗಾಡಿಯ ಅಂಚಿಗೆ ಬಂದಾಗ ಅವರ ಮಾತಿನ ಧಾಟಿಯೇ ಬದಲಾಗಿತ್ತು. ನನಗೆ ಡ್ರೈವಿಂಗ್ ಕಲಿಸುತ್ತಿದ್ದ ಕಾಲದ ಬೈಗುಳದ ದನಿ. ಕೆಳಗಿನ ಎಸ್ಟೇಟ್ ಗೇಟಿನವರೆಗೆ ಗಾಡಿಯನ್ನು ಹಿಂದಕ್ಕೆ ಉರುಳಲು ಬಿಡು ಎಂದರು. ಗೇಟಿನ ಮುಂದೆ ಟ್ರ್ಯಾಕ್ಟರು ತಿರುಗುವಷ್ಟು ಸಪಾಟು ಜಾಗವಿದೆ. ಅದರೊಳಗೆ ಗಾಡಿಯ ಹಿಂಭಾಗ ತೂರಿಸಿ ಅಡ್ಡ ನಿಲ್ಲಿಸಿದರೆ ಡೀಸೆಲ್ ಸಮವಾಗುತ್ತದೆ, ಪೈಪಿಗೆ ಸಿಗುತ್ತದೆ. ಗಾಳಿ ತೆಗೆದು ಸ್ಟಾರ್ಟ್ ಮಾಡು. ಆಮೇಲೆ ಮೂತಿಯನ್ನು ಕೆಳಕ್ಕೆ ತಿರುಗಿಸಿ, ರಿವರ್ಸಿನಲ್ಲೇ ಮನೆಯವರೆಗೆ ಹತ್ತಿಸು. ಮೂತಿ ಕೆಳಗಿದ್ದರೆ ಡೀಸೆಲೆಲ್ಲ ಮುಂದೆ, ಪೈಪಿನ ಬಾಯಿಗೇ ಬಂದು ಕೂರುತ್ತದೆ.

ಆನೆಗೆ ಮೂತಿ ಕೊಟ್ಟು ನಿಲ್ಲಿಸಬೇಕಾಗುತ್ತದಲ್ಲ ಎಂದೆ. ಹೌದು ಎಂದರು. ಲೈಟು ಹಾಕಬೇಡ, ಹಾರನ್ ಮುಟ್ಟಬೇಡ, ರೇಗಿಸಬೇಡ ಎಂದರು.

ಕಲ್ಲು ಸರಿಸಿ, ಹತ್ತಿ ಕೂತು, ನ್ಯೂಟ್ರಲ್ ಮಾಡಿದೆ. ಎಂಜಿನ್ ಆರಿದ ಗಾಡಿಯ ಬ್ರೇಕು ಕಲ್ಲಿನ ಹಾಗೆ ಗಟ್ಟಿ. ಎರಡೂ ಕಾಲು ಊರಿ ಸೀಟಿನಿಂದ ಮೇಲೆದ್ದು ನಿಂತ ಹಾಗೆ ಒತ್ತಬೇಕಾಯಿತು. ಸ್ಟೇರಿಂಗ್ ತಿರುಗಿಸಲು ಭುಜ ಕಿತ್ತುಬರುವಂತಿತ್ತು. ಗಾಡಿ ಒಂದೊಂದು ಮೊಳವೇ ಆನೆಯ ಕಡೆಗೆ ಇಳಿಯಿತು. ಗೇಟಿನ ಕಂಬ ಕನ್ನಡಿಯಲ್ಲಿ ಕಂಡಾಗ ಪೂರ್ತಿ ತಿರುಗಿಸಿದೆ. ಹಿಂಭಾಗ ಒಳಗೆ ಹೋಗಿ, ಗಾಡಿ ಸಮನಾಗಿ ನಿಂತಿತು. ಇಳಿದು ಬಾನೆಟ್ ಎತ್ತಿ, ಫಿಲ್ಟರಿನ ಮೇಲಿರುವ ಹ್ಯಾಂಡ್ ಪಂಪನ್ನು ಒತ್ತತೊಡಗಿದೆ. ಮೊದಮೊದಲು ಖಾಲಿ ಗಾಳಿ, ಪುಸುಪುಸು ಎನ್ನುತ್ತಿತ್ತು. ಆನೆ ಹೆಜ್ಜೆಯಿಟ್ಟು ಏರಿನ ಬುಡಕ್ಕೆ ಬಂದಿತ್ತು. ಅವಸರವಿಲ್ಲದ ನಡಿಗೆ. ಒತ್ತುತ್ತ ಒತ್ತುತ್ತ ಅಂಗೈ ಕೆಳಗೆ ಪಂಪು ಗಟ್ಟಿಯಾಯಿತು. ಬಾನೆಟ್ ಪೂರ್ತಿ ಹಾಕಲೂ ಹೆದರಿ, ಮೆಲ್ಲಗೆ ಇಳಿಬಿಟ್ಟು, ಓಡಿಬಂದು ಕೀ ತಿರುಗಿಸಿದೆ. ಬ್ಯಾಟರಿ ನರಳಿತು. ಇನ್ನೊಮ್ಮೆ ನರಳಿತು. ಆಮೇಲೆ ಹತ್ತಿಕೊಂಡಿತು.

ಆ ಸದ್ದಿಗೆ ಆನೆ ನಿಂತಿತು. ನಾನು ಮೂತಿಯನ್ನು ಕೆಳಕ್ಕೆ ತಿರುಗಿಸಿದಾಗ ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ, ಬರೀ ರಸ್ತೆ. ಉಳಿದಿದ್ದ ಮಬ್ಬು ಬೆಳಕಿನಲ್ಲಿ ಅದರ ಹಣೆಯ ಮೇಲಿನ ಮಣ್ಣು ಕೂಡ ಕಾಣುತ್ತಿತ್ತು. ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ. ಹಿಂದಕ್ಕೆ ನೋಡಿದರೆ ಹಿಂಬಾಗಿಲಿಗೆ ಒರಗಿಸಿ ಕಟ್ಟಿದ ಸ್ಟೆಪ್ನಿ ಅಡ್ಡ. ಬಲಗಡೆ ಕಿಟಕಿಯಿಂದ ತಲೆ ಹಾಕಿದರೆ ದರೆಯಷ್ಟೇ ಕಾಣುತ್ತದೆ. ಎಡಗನ್ನಡಿಯಲ್ಲಿ ಬರೀ ಗಿಡಗಳ ಕಪ್ಪು, ಬಿದ್ದರೆ ಕಾಫಿ ಗಿಡಗಳ ಮೇಲೆ ಉರುಳುವ ಆ ಕಡೆ ನನಗೆ ಪೂರ್ತಿ ಕುರುಡು.

"ಎಡಕ್ಕೆ ಏನೂ ಕಾಣ್ತಿಲ್ಲ ಕಣ್ರೀ," ಎಂದೆ.

"ನಂಗೆ ಕಾಣ್ತೈತೆ. ಬುಡು, ಬುಡು. ನೆಟ್ಟಗೆ ಬುಡು."

ಮಲಗಿದ್ದವರಿಗೆ ಕಾಣುತ್ತಿದ್ದದ್ದು ಮರದ ತಲೆಗಳು ಮಾತ್ರ. ಇಷ್ಟು ತಿಂಗಳು ಗಾಡಿಯಲ್ಲಿ ಅಂಗಾತ ಮಲಗಿ ಹೋಗಿಬಂದು, ನಮ್ಮ ಏರನ್ನು ಅವರು ಮೇಲಿನಿಂದ ಕಲಿತುಬಿಟ್ಟಿದ್ದರು. ಸಿಡಿಲು ಹೊಡೆದ ಸಿಲ್ವರ್ ಮರ ಬಂತು, ಈಗ ಸ್ವಲ್ಪ ದರೆ ಕಡೆಗೆ. ಹಲಸಿನ ಕೊಂಬೆ ತಲೆ ಮೇಲೆ ಬಂತು, ಈಗ ತಿರುಗಿಸು, ಇನ್ನೂ, ಸಾಕು. ತಲೆ ತಗ್ಗಾಗಿ ಕಾಲು ಮೇಲಾಗಿ ಅವರು ಜಾರಿ ಬಂದು, ನೆತ್ತಿ ನನ್ನ ಹಿಂದಿನ ಗಾಜಿಗೆ ಒತ್ತಿಕೊಂಡಿತ್ತು. ಮಾತಾಡಿದಾಗಲೆಲ್ಲ ಗಾಜು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮುಂದೆ ನೋಡಬೇಡ ಎಂದಿದ್ದರು. ಒಂದು ಸಲ ನೋಡಿದೆ. ಆನೆ ನಮ್ಮ ಹಿಂದೆಯೇ ಹತ್ತಿ ಬರುತ್ತಿತ್ತು, ಬೆನ್ನಟ್ಟುವ ಹಾಗಲ್ಲ, ಅದಕ್ಕೂ ಮೇಲಕ್ಕೆ ಹೋಗಬೇಕಿತ್ತು ಅಷ್ಟೇ. ಎಂಜಿನ್ ಬಿಕ್ಕಬಾರದು, ಬಿಕ್ಕಬಾರದು ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡೆ. ಬಿಕ್ಕಲಿಲ್ಲ.

ಗೇಟು ಬಹಳ ಹಿಂದೆ ಉಳಿದ ಮೇಲೆ ಇನ್ನೊಮ್ಮೆ ನೋಡಿದಾಗ ರಸ್ತೆ ಖಾಲಿಯಿತ್ತು. ತೋಟದೊಳಗೆ ಎಲ್ಲೋ ಕಾಫಿ ಗಿಡ ಸರಸರ ಎನ್ನುತ್ತಿತ್ತು. ನಾನು ನಿಲ್ಲಿಸಲಿಲ್ಲ.

ಮನೆ ಮುಂದಿನ ಕಣಕ್ಕೆ ಹಿಂಭಾಗ ತಗಲಿಸಿ ನಿಲ್ಲಿಸಿ, ಎಂಜಿನ್ ಆರಿಸಿದೆ. ಕೂಲಿಯವರ ಲೈನುಮನೆಗಳ ಕಡೆಯಿಂದ ಯಾರೋ ಬರುತ್ತಿದ್ದೇವೆ ಎಂದು ಕೂಗಿದರು. ನನ್ನ ಗಂಡನನ್ನು ಇಳಿಸಿಕೊಳ್ಳಲು ಕಾದಿದ್ದ ನೆರೆಯವರು. ನಾನು ಇಳಿದು, ಹಿಂಬದಿಗೆ ಹತ್ತಿ, ಜಾರಿದ್ದವರನ್ನು ಕಂಕುಳಿಗೆ ಕೈಹಾಕಿ ಸರಿಮಾಡಿ, ಟಾರ್ಪಾಲಿನ ಮಡಿಕೆ ಬಿಡಿಸುತ್ತ ಬಾಯಿಗೆ ಬಂದ ಹಾಗೆ ಬೈಯತೊಡಗಿದೆ. ಹೋಗು ಅಂತೀರಲ್ಲ, ಯಾವ ಬಾಯಲ್ಲಿ ಅಂದಿರಿ, ನಾನೇನು ನಿಮ್ಮ ಆಳೇ, ಹೋಗು ಅಂದರೆ ಹೋಗಲು. ಅಳುತ್ತಿದ್ದೆ ಅಂತ ಕಾಣುತ್ತದೆ, ದನಿ ಒಡೆಯುತ್ತಿತ್ತು. ಅವರು ನನ್ನ ಮುಂಗೈ ಹಿಡಿದುಕೊಂಡರು. ಬಹಳ ಗಟ್ಟಿಯಾಗಿ ಹಿಡಿದಿದ್ದರು.

"ಹೋಗು ಅಂದೆ. ನೀನು ಮಾತಿಲ್ದೆ ಬಾಗ್ಲು ತೆಗ್ದೆ. ಹೆಜ್ಜೆ ಮೇಲಕ್ಕೋಗಿದ್ದು ಕೇಳಿಸ್ತು," ಎಂದರು. "ಹೊಂಟೇ ಹೋದ್ಲಲ್ಲ ಅಂತ ಕಣ್ಮುಚ್ಕಂಡೆ ಕಣೆ. ಗಾಲಿಗೆ ಕಲ್ಲು ಬಿದ್ದ ಸದ್ದು ಬರೋಗಂಟ ತೆಗೀಲಿಲ್ಲ."